ಲಗಮಪ್ಪನ ವರದಿ, ಕೃಷ್ಣವ್ವನ ತಪಾಸಣೆ

ಬೈಲಹೊಂಗಲದ ಬಜಾರದಲ್ಲಿ ಲಗಮಪ್ಪನ ಸೈಕಲ್ಲು ತಿರುವಿನಲ್ಲಿ ಕಂಡರೆ ಸಾಕು, ಕರಿದು ಕಪ್ಪಾದ ಎಣ್ಣೆಯ ಕಡಾಯಿಗಳು ಭಜಿ ಅಂಗಡಿಗಳ ಹಿತ್ತಲು ಸೇರುತ್ತಿದ್ದವು. ಅವನು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್. ಅದಕ್ಕೂ ಮೊದಲು ಮಲೇರಿಯಾ ವಿಭಾಗದಲ್ಲಿದ್ದು, ನೇಸರಗಿ, ಚಚಡಿ, ಮುನವಳ್ಳಿಯ ಮನೆ ಮನೆಗೆ ಡಿಡಿಟಿ ಹೊಡೆದವನು. ಆಗ ಕೆಲವರು ಇವನ ಓಣಿ ಯಾವುದೆಂದು ಕೇಳಿ, ಹೊರಗಿನ ಗೋಡೆಗಷ್ಟೇ ಹೊಡೆದು ಹೋಗು ಎನ್ನುತ್ತಿದ್ದರು. ಸೊಳ್ಳೆ ಓಣಿ ಕೇಳಿ ಒಳಗೆ ಬರುವುದಿಲ್ಲ ಎಂದು ನಗುತ್ತಲೇ ಹೇಳಿ ಅವನು ಅಡುಗೆಮನೆಯವರೆಗೂ ಹೊಡೆದು ಬರುತ್ತಿದ್ದ. ಆ ನಗುವಿನ ಕೆಳಗೆ ಏನಿತ್ತೆಂದು ಯಾರಿಗೂ ಹೇಳಿದವನಲ್ಲ.

ಎರಡು ಸಾವಿರದ ಒಂಬತ್ತರ ಸುಮಾರಿಗೆ ಹೊಸ ಕಾಯ್ದೆಯ ಸುದ್ದಿ ತಾಲೂಕಿಗೂ ಬಂತು. ಖಾಸಗಿ ದವಾಖಾನೆಗಳಷ್ಟೇ ಅಲ್ಲ, ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಮನೆಗಳೂ ಪರವಾನಿಗೆ ಪಡೆಯಬೇಕಾಯಿತು. ನೇಸರಗಿ ರಸ್ತೆಯಲ್ಲಿ ಅಂಥದೊಂದು ಮನೆಯಿತ್ತು. ಸವದತ್ತಿಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ರಾಜೇಶ್ವರಿ, ಹಳೆಯ ಹತ್ತಿ ಗೋದಾಮಿನ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದು, ಲಕ್ವ ಹೊಡೆದವರು, ಎಲುಬು ಮುರಿದವರು, ಹೀಗೆ ಏಳೆಂಟು ಮಂದಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ವರದಿ ಕೊಡುವ ಕೆಲಸ ಲಗಮಪ್ಪನ ಪಾಲಿಗೆ ಬಂತು.

ಅವನು ಹೋದಾಗ ಹೊಚ್ಚಹೊಸ ಕಬ್ಬಿಣದ ಮಂಚಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೂ ಯಾರೂ ಮಲಗಿದ ಗುರುತಿಲ್ಲ, ಚಾದರಗಳಲ್ಲಿ ಅಂಗಡಿಯ ಮಡಿಕೆ ಹಾಗೇ ಇತ್ತು. ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ ರಾಮದುರ್ಗದ ರಾಮವ್ವನನ್ನು ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದ.

"ಮಂಚ ನಿನ್ನಿ ಬಂದಾವ್ರಿ, ಸಾಹೇಬ್ರ. ಏರಾಕ ನಿಚ್ಚಣಿಕಿ ಇನ್ನಾ ಬಂದಿಲ್ಲ," ಎಂದಳು ರಾಮವ್ವ.

ರಾಜೇಶ್ವರಿಯ ಮುಖ ಕೆಂಪಾಯಿತು. ಎಲ್ಲರೂ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಮಾತಾಡುತ್ತ ಮಾತಾಡುತ್ತ ನಿದ್ದೆ ಹೋಗುವವರು. ಕಾಯ್ದೆಗೆ ಮಂಚ ಬೇಕಾದೀತೆಂದು ಆಕೆ ಅವಸರದಲ್ಲಿ ತರಿಸಿದ್ದಳು. ಲಗಮಪ್ಪನಿಗೆ ನಗು ತಡೆಯಲಾಗಲಿಲ್ಲ. ಮಂಚದ ಕಾಲು ಮೊಣಕಾಲಿಗಿಂತ ಕೆಳಗೆ ಬರುವ ಹಾಗೆ ಕೊಯ್ಸಿಬಿಡಿ ಎಂದ. ಆದರೆ ಬಚ್ಚಲಿಗೆ ಹೋದಾಗ ಅವನ ನಗು ನಿಂತಿತು. ಎತ್ತರದ ಎರಡು ಮೆಟ್ಟಿಲು, ಜಾರುವ ಕಲ್ಲು, ಹಿಡಿದುಕೊಳ್ಳಲು ಏನೂ ಇಲ್ಲ. ಹಿಂಬಾಗಿಲಿಗೆ ಅಡ್ಡಲಾಗಿ ಗೋದಾಮಿನ ಮಾಲೀಕ ಸಂಗಪ್ಪನ ಹತ್ತಿ ತುಂಬಿದ ದೊಡ್ಡ ಅಂಡಿಗೆಗಳು. ಬೆಂಕಿ ಬಿದ್ದರೆ ಇವರೆಲ್ಲ ಯಾವ ದಾರಿಯಲ್ಲಿ ಹೊರಗೆ ಬರಬೇಕು? ಇವೆರಡೂ ಸರಿಯಾಗುವ ತನಕ ಪರವಾನಿಗೆಗೆ ಶಿಫಾರಸು ಮಾಡಲಾರೆ ಎಂದು ಹೇಳಿದ.

"ದವಾಖಾನ್ಯಾಗ ಜೀವಾ ಸವಸಿದಾಕಿ ನಾ. ನನಗ ಕಲಸಾಕ ಬಂದೀರೇನ್ರಿ?" ಎಂದಳು ರಾಜೇಶ್ವರಿ.

"ನೀವು ಬಲ್ಲವರು ಅಂತನ ಹೇಳಾಕತ್ತೇನ್ರಿ, ಅಕ್ಕಾರ. ಬ್ಯಾರೆಯವರಾಗಿದ್ರ ಬಾಗ್ಲಾನ ಹಾಕಸ್ತಿದ್ದೆ."

ಆ ಸಂಜೆ ಊಟಕ್ಕೆ ಕುಳಿತಾಗ ತಾಯಿ ಕೃಷ್ಣವ್ವನಿಗೆ ನಿಚ್ಚಣಿಕೆಯ ಮಾತು ಹೇಳಿದ. ಆಕೆ ನೀರು ನೆತ್ತಿಗೇರುವಷ್ಟು ನಕ್ಕಳು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಕೃಷ್ಣವ್ವನಿಗೆ ಮಾತಿಗೆ ಸಿಗುತ್ತಿದ್ದುದು ಟೀವಿಯೊಳಗಿನ ಅತ್ತೆ-ಸೊಸೆಯರಷ್ಟೇ. ಅವರು ಬೈಸಿಕೊಂಡರೂ ತಿರುಗಿ ಬೈಯುವವರಲ್ಲ. ಓಣಿಯ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಮರುದಿನ ಆಕೆ ಯಾರಿಗೂ ಹೇಳದೆ ಟೆಂಪೋ ಹತ್ತಿ ಗೋದಾಮಿಗೆ ಹೋದಳು. ಸಂಜೆ ತಿರುಗಿ ಬಂದವಳು, ಇನ್ನು ಮೇಲೆ ತಾನು ಅಲ್ಲೇ ಇರುವವಳೆಂದೂ, ಅದಕ್ಕೆ ಲಗೂನ ಪರವಾನಿಗೆ ಕೊಡಬೇಕೆಂದೂ ಸಾರಿದಳು.

ಲಗಮಪ್ಪ ಬೆವತುಹೋದ. ಬಚ್ಚಲು ಸರಿಯಾಗದೆ ಆಗದು ಎಂದ. ಇನ್‌ಸ್ಪೆಕ್ಟರ್ ತನ್ನ ತಾಯಿಯನ್ನೇ ಹೊರಗೆ ಹಾಕಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದ.

"ಮಂದಿ ಬಾಯಿಗೆ ಡಿಡಿಟಿ ಹೊಡ್ಯಾಕ ಬರ್ತೈತೇನೋ ಲಗಮಾ? ಸುಮ್ನ ಇರು," ಎಂದಳು ಕೃಷ್ಣವ್ವ.

ಅವನ ಒಳಗಿನ ಚಿಂತೆ ಬೇರೆಯೇ ಇತ್ತು. ಅಲ್ಲಿ ಇವಳನ್ನು ಬೇರೆ ಕೂರಿಸುತ್ತಾರೋ, ಇವಳ ಲೋಟವನ್ನು ಬೇರೆ ಇಡುತ್ತಾರೋ? ಕೊನೆಗೆ ದನಿ ತಗ್ಗಿಸಿ ಕೇಳಿಯೇಬಿಟ್ಟ.

"ಹೋದ ಕೂಡ್ಲೆನ ಹೇಳೇನಿ, ನಾ ಅಂಬೇಡ್ಕರ್ ಓಣ್ಯಾಕಿ ಅಂತ," ಎಂದಳು ಕೃಷ್ಣವ್ವ. "ರಾಜೇಶ್ವರಿ ಹಿಟ್ಟು ನಾದಾಕತ್ತಿದ್ಲು. ಓಣಿ ಯಾವದರ ಇರ್ಲಿ, ರೊಟ್ಟಿ ಬಡ್ಯಾಕ ಬರ್ತೈತೇನು, ನನ್ನ ರಟ್ಟಿ ಸೋತಾವು ಅಂತ ಪರಾತ ನನ್ನ ಕಡೆ ದೂಡಿದ್ಲು. ನಾ ಬಡದ ರೊಟ್ಟಿನ ಎಲ್ಲಾರೂ ಉಂಡಾರ. ರಾಮವ್ವಂತೂ ಮತ್ತೊಂದು ಬೇಡಿ ಉಂಡ್ಲು."

ಲಗಮಪ್ಪ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ವರದಿಯಲ್ಲಿ ಮಾತ್ರ ಒಂದಕ್ಷರವನ್ನೂ ಬದಲಿಸಲಿಲ್ಲ.

ಮುಂದಿನ ಕೆಲಸವನ್ನು ಕೃಷ್ಣವ್ವನೇ ಹಿಡಿದಳು. ತಮ್ಮ ಓಣಿಯ ಗೌಂಡಿಯನ್ನು ಬೆನ್ನು ಹತ್ತಿ ಕರೆದೊಯ್ದು, ಬಚ್ಚಲಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದಳು. ಗೋಡೆಗೆ ಹಿಡಿಕೆಯ ಪೈಪು ಬಂತು. ಹತ್ತಿ ಅಂಡಿಗೆಗಳನ್ನು ಸರಿಸಲು ಸಂಗಪ್ಪ ಇವತ್ತು ನಾಳೆ ಎನ್ನುತ್ತಿದ್ದ. ಒಂದು ಮುಂಜಾನೆ ಆಕೆ ಅವನ ಅಂಗಡಿಯ ಕಟ್ಟೆಯ ಮೇಲೆ ಎಲೆ-ಅಡಿಕೆ ಚೀಲ ಬಿಚ್ಚಿಕೊಂಡು ಕುಳಿತು, ಬಂದ ಬಂದ ಗಿರಾಕಿಗಳಿಗೆಲ್ಲ ಮುಚ್ಚಿದ ಬಾಗಿಲಿನ ಕತೆಯನ್ನು ಸಾವಧಾನವಾಗಿ ಹೇಳತೊಡಗಿದಳು. ಮಧ್ಯಾಹ್ನದ ಊಟದೊಳಗೆ ಅಂಡಿಗೆಗಳು ಗಾಡಿ ಹತ್ತಿದವು.

ಲಗಮಪ್ಪ ತಾಲೂಕಿನ ಡಾಕ್ಟರ ಹತ್ತಿರ ಹೋಗಿ, ತನ್ನ ತಾಯಿ ಅಲ್ಲಿ ಇರಲಿರುವುದರಿಂದ ಮರುತಪಾಸಣೆಯನ್ನು ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡ. ಸವದತ್ತಿಯಿಂದ ಮಹಾಂತಪ್ಪ ಎಂಬ ಬಿಗಿ ಮನುಷ್ಯ ಬಂದ. ಕೊಯ್ದ ಮಂಚಗಳ ಮೇಲೆ ಕುಳಿತು ಎದ್ದು ನೋಡಿದ, ಹಿಡಿಕೆಯನ್ನು ಜಗ್ಗಿ ನೋಡಿದ, ಹಿಂಬಾಗಿಲನ್ನು ತಾನೇ ತೆರೆದು ಹೊರಗೆ ಹೋಗಿ ಬಂದ. ತಪ್ಪು ಸಿಗಲಿಲ್ಲ. ಇದ್ದವರಿಗೇನಾದರೂ ದೂರು ಉಂಟೋ ಎಂದು ರೂಢಿಯಂತೆ ಕೇಳಿದ. ಆಗಲೇ ದಿನವೂ ಬಂದು ಅಲ್ಲೇ ಉಣ್ಣುತ್ತಿದ್ದ ಕೃಷ್ಣವ್ವ ಕೈಯೆತ್ತಿ, ಬ್ಯಾಳಿ ಬಹಳ ತೆಳ್ಳಗೆ ಆಗುತ್ತದೆ ಎಂದಳು. ಅದು ಡಾಕ್ಟರು ಹೇಳಿದ ಪಥ್ಯ ಎಂದು ರಾಜೇಶ್ವರಿ ವಾದಿಸಿದಳು. ಇಬ್ಬರ ವಾದ ಜೋರಾಗಿ, ಮಹಾಂತಪ್ಪ ನಡುವೆ ಸಿಕ್ಕಿಬಿದ್ದು, ಅಲ್ಲೇ ಒಂದು ತುತ್ತು ಉಂಡು ತೀರ್ಪು ಹೇಳಬೇಕಾಯಿತು. ತೆಳ್ಳಗಿರುವುದು ಖರೆ, ರುಚಿಯೂ ಖರೆ ಎಂದು ಇಬ್ಬರನ್ನೂ ಸಮಾಧಾನಪಡಿಸಿ ಹೋದ.

ದೀಪಾವಳಿಯ ಹೊತ್ತಿಗೆ ಪರವಾನಿಗೆ ಬಂತು. ಮೊದಲ ರವಿವಾರ ಲಗಮಪ್ಪ ಹೆಂಡತಿ ಮಕ್ಕಳೊಡನೆ ತಾಯಿಯನ್ನು ನೋಡಲು ಹೋದ. ಪಡಸಾಲೆಯಲ್ಲಿ ಕೃಷ್ಣವ್ವ, ರಾಮವ್ವ ಕವಡೆ ಹಾಕಿ ಪಗಡಿ ಆಡುತ್ತಿದ್ದರು. ಆಟ ಮುಗಿಯುವ ತನಕ ಕುಂತಿರು ಎಂದು ತಾಯಿ ಕೈಸನ್ನೆ ಮಾಡಿದಳು. ಆಟ ಬೇಗ ಮುಗಿಯುವ ಲಕ್ಷಣವಿರಲಿಲ್ಲ. ರಾಜೇಶ್ವರಿ ಚಹಾ ತಂದಿಟ್ಟಳು. ಲಗಮಪ್ಪ ಗೋಡೆಗೆ ಒರಗಿ ಆರಾಮಾಗಿ ಕುಳಿತ.