ತಗಡಣ್ಣನ ಇಪ್ಪತ್ನಾಲ್ಕು ಮೆಟ್ಟಿಲು

ಚಳವಳಿಯ ದಿನಗಳಲ್ಲಿ ನಮ್ಮ ಘೋಷಣೆಗಳನ್ನು ಮೂರು ಬೀದಿಯಾಚೆ ಮುಟ್ಟಿಸಿದ ತಗಡಿನ ಕಹಳೆಗಳನ್ನೆಲ್ಲ ಮಾಡಿಕೊಟ್ಟವನು ನಾವು ತಗಡಣ್ಣ ಎಂದು ಕರೆಯುತ್ತಿದ್ದ ಸಿಖ್ಖ. ಬಕೆಟ್ಟು, ಕೊಳವೆ, ನೀರಿನ ತೊಟ್ಟಿ ಅವನ ಕಸುಬು. ನಿಜ ಹೇಳಬೇಕೆಂದರೆ ಅವನ ಗಂಟಲಿಗೆ ಕಹಳೆಯೇ ಬೇಕಿರಲಿಲ್ಲ.

ಅಂಗಡಿ ಅಂದರೆ ಹತ್ತಡಿಯ ಕೋಣೆ. ಹೆಂಡತಿ ಚಿಕ್ಕ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಜಾಗ ತೋರಿಸಬೇಕು, ಇವನು ಅಲ್ಲಿಗೇ ಕೊಡತಿ ಇಳಿಸಬೇಕು. ಒಂದು ಬೆರಳು ಆಚೀಚೆಯಾದರೂ, "ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?" ಈ ಪೆಟ್ಟಿನ ಜೊತೆಗೆ ಅವನು ದಿನವಿಡೀ ಹಾಡುತ್ತಿದ್ದದ್ದು ಒಂದೇ: ಬೆಳಕು ಹರಿಯುವ ಮೊದಲು ಗುರುದ್ವಾರದಲ್ಲಿ ಅವನ ತಾಯಿ ಮೂವತ್ತು ವರ್ಷ ಹಾಡಿದ ಕೀರ್ತನೆ. ಇಪ್ಪತ್ನಾಲ್ಕು ಪದ್ಯಗಳದ್ದು, ಪದ್ಯವನ್ನು ಸಿಖ್ಖರು ಮೆಟ್ಟಿಲು ಎನ್ನುತ್ತಾರೆ.

ಒಂದು ಚಳಿಗಾಲ ಆ ತಾಯಿಯ ಧ್ವನಿ ಹೋಯಿತು. ಉಳಿದದ್ದು ಪಿಸುಮಾತು. ಗುರುದ್ವಾರದ ಕಾರ್ಯದರ್ಶಿ ತಗಡಿನ ಸ್ಪೀಕರ್ ಪೆಟ್ಟಿಗೆಯೊಂದನ್ನು ಹೊತ್ತು ತಂದ. "ಭಾನುವಾರದಿಂದ ರೆಕಾರ್ಡು ಹಾಕ್ತೀನಿ. ನೆಗಡಿ ಬರಲ್ಲ, ಕೆಮ್ಮು ಬರಲ್ಲ."

ಮುದುಕಿಗೆ ಮೈಯೆಲ್ಲ ಉರಿಯಿತು. ಮಗನ ಕಿವಿ ಹಿಡಿದು ಪಿಸುಗುಟ್ಟಿದಳು: "ಡಬ್ಬದ ಮುಂದೆ ಕೂತು ಬೆಳಗು ಮಾಡ್ಲಾ ನಾನು? ನೀನು ಹಾಡು."

"ಅಮ್ಮಾ, ನಂದು ಅಂಗಡಿ ಗಂಟ್ಲು."

"ಗಂಟ್ಲು ಕೊಟ್ಟೋಳಿಗೇ ಗಂಟ್ಲಿನ ನೆಪ ಹೇಳ್ತೀಯಾ?"

ಕಾರ್ಯದರ್ಶಿ ಒಪ್ಪಿದ, ಆದರೆ ಷರತ್ತು ಹಾಕಿದ: ಹಾಡು ನಡುವೆ ನಿಂತರೆ ಮರುದಿನದಿಂದ ಡಬ್ಬವೇ.

ನಾನು ದೇವರಿಗೆ ಕೈ ಮುಗಿದವನಲ್ಲ. ತಗಡಣ್ಣನ ಫಜೀತಿ ನೋಡಲೆಂದೇ ತಲೆಗೆ ಟವೆಲ್ ಸುತ್ತಿಕೊಂಡು ಹೋಗಿದ್ದೆ. ಹಾರ್ಮೋನಿಯಂನವನು ಶ್ರುತಿ ಹಿಡಿದ, ತಬಲಾದವನು ತಾಳ ಹಾಕಿದ. ತಗಡಣ್ಣ ಮೊದಲ ಮೆಟ್ಟಿಲನ್ನು ಹೇಗೋ ಹತ್ತಿದ, ಎರಡನೆಯದನ್ನು ತೆವಳಿದ, ಮೂರನೆಯದಕ್ಕೆ ಗಕ್ಕನೆ ನಿಂತ. ಪುಸ್ತಕ ಎದುರಿಗೇ ಇತ್ತು. ಅಕ್ಷರ ನೋಡಿದರೆ ರಾಗ ಓಡುತ್ತಿತ್ತು, ರಾಗ ಹಿಡಿದರೆ ಅಕ್ಷರ. ದಾಡಿಯಿಂದ ಬೆವರು ತೊಟ್ಟಿಕ್ಕಿತು. ಕಾರ್ಯದರ್ಶಿ ಸ್ವಿಚ್ಚಿನತ್ತ ಸರಿದ. ಮುದುಕಿ ಕಣ್ಣು ಮುಚ್ಚಿಕೊಂಡಳು.

ತಗಡಣ್ಣನ ಬಲಗೈ ಮಾತ್ರ ಗಾಳಿಯಲ್ಲಿ ಏನನ್ನೋ ಎತ್ತಿ ಎತ್ತಿ ಇಳಿಸುತ್ತಿತ್ತು. ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿದ್ದ ಹೆಂಡತಿ ಅದನ್ನು ಕಂಡಳು. "ಅಯ್ಯೋ ನನ್ನ ಕರ್ಮವೇ, ಈ ಪ್ರಾಣಿ ಸುತ್ತಿಗೆ ಇಲ್ದೆ ಹಾಡೇ ಇಲ್ಲ!" ಎಂದವಳೇ ಕೈಯ ಕಬ್ಬಿಣದ ಕಡಗವನ್ನು ಕಂಬಕ್ಕೆ ಕುಟ್ಟಿದಳು. ಟಿಕ್ ಟಿಕ್.

ಇವನ ಅಂಗೈ ತನ್ನ ತೊಡೆಯ ಮೇಲೆ ಫಟ್ ಎಂದು ಬಿತ್ತು. ಮೂರನೇ ಮೆಟ್ಟಿಲು ಹೊರಬಂತು. ಟಿಕ್ ಟಿಕ್, ಫಟ್. ನಾಲ್ಕು, ಐದು, ಆರು. ತಬಲಾದವನು ತನ್ನ ತಾಳ ಬಿಟ್ಟು ನಗುತ್ತಾ ಇವರ ಬೆನ್ನು ಹತ್ತಿದ. ಹತ್ತು ದಾಟುವಷ್ಟರಲ್ಲಿ ಹಿಂದಿನ ಸಾಲಿನವರೆಲ್ಲ ತೊಡೆ ತಟ್ಟುತ್ತಿದ್ದರು. ಸುಳ್ಳೇಕೆ, ನಾನೂ ತಟ್ಟಿದೆ. ಬಕೆಟ್ ಮಾಡುವ ವೇಗದಲ್ಲಿ ಹೋದದ್ದರಿಂದ ಕೀರ್ತನೆ ಕಾಲು ಗಂಟೆ ಮೊದಲೇ ಮುಗಿಯಿತು.

ಹೊರಗೆ ಚಪ್ಪಲಿಗಳ ಹತ್ತಿರ ಕಾರ್ಯದರ್ಶಿ ಅಡ್ಡ ಬಂದ. "ನಡುವೆ ನಿಂತ ತಾನೇ? ಷರತ್ತು?"

"ನಿಂತಿದ್ದು ನನ್ನ ಗಂಡ," ಎಂದಳು ಹೆಂಡತಿ, "ಹಾಡು ಕಂಬದ ಮೇಲೆ ನಡೀತಾನೇ ಇತ್ತು. ನೀವು ಕೇಳಿಸ್ಕೊಳ್ಳಿಲ್ವಾ?"

ಸುತ್ತಲಿದ್ದವರು ನಕ್ಕರು. ಕಾರ್ಯದರ್ಶಿ ಕೆಟ್ಟವನಲ್ಲ, ಅವನೂ ನಕ್ಕ. ಎಲ್ಲರೂ ಮುದುಕಿಯ ಬಾಯಿ ನೋಡಿದರು.

"ಹದಿನಾರನೇದು ಬಕೆಟ್ ತಳ ಬಡಿದಂಗಿತ್ತು," ಎಂದು ಪಿಸುಗುಟ್ಟಿದಳು. "ನಾಳೆ ನಿಧಾನ ಹಾಡು."

ನಾಳೆ ಎಂದದ್ದೇ ತೀರ್ಪು. ಅದಾಗಿ ಹನ್ನೊಂದು ವರ್ಷ. ಗಂಡ ಮುಂದೆ, ಹೆಂಡತಿ ಕಂಬದ ಬುಡದಲ್ಲಿ. ಕಡಗ ಕುಟ್ಟಿ ಕುಟ್ಟಿ ಕಂಬದ ಬಣ್ಣ ಎದ್ದುಹೋಯಿತೆಂದು ಕಾರ್ಯದರ್ಶಿ ಗೊಣಗಿದಾಗ ತಗಡಣ್ಣ ಅಲ್ಲಿಗೊಂದು ತಗಡು ಹೊಡೆದ. ಆ ಸ್ಪೀಕರ್ ಪೆಟ್ಟಿಗೆಯನ್ನೇ ಬಿಚ್ಚಿ ತೆಗೆದದ್ದು. ಒಳ್ಳೆಯ ತಗಡು, ನಾದ ಚೆನ್ನಾಗಿದೆ.