ಓದೆಲುವಿನ ಸೀಟು

ಓದೆಲುವಿಗೆ ತನ್ನ ಡಂಪರ್ ಲಾರಿಯನ್ನು ಕಂಡರೆ ವಾಕರಿಕೆ. ಗೋದಾವರಿ ದಂಡೆಯ ಆ ಕಲ್ಲಿದ್ದಲು ಗಣಿಯಲ್ಲಿ ಅವನ ಪ್ರಾಯವೆಲ್ಲ ಅದರೊಳಗೆ ಕುಲುಕಾಡಿ ಕಳೆದಿತ್ತು. ಸೀಟಿನ ಸ್ಪ್ರಿಂಗ್ ಸತ್ತು ಎಷ್ಟೋ ಕಾಲವಾಗಿತ್ತು. ಮೇಲೆ ಹಾಸಿದ ಗೋಣಿಚೀಲ ಎಲ್ಲ ಪಾಳಿಯವರ ಬೆವರು ಕುಡಿದು ಹುಳಿ ನಾತ ಹೊಡೆಯುತ್ತಿತ್ತು. ಅವನ ಸೊಂಟ ಆಗಲೇ ಅರ್ಧ ಹೋಗಿತ್ತು. ಬೇಕಾಗಿದ್ದುದು ಒಂದು ಹಗುರ ಕೆಲಸ. ಅದು ಸಿಗಬೇಕಾದರೆ ಸೀಟಿನ ಕುಲುಕಾಟ ಮಿತಿ ಮೀರಿದೆಯೆಂದು ಅದನ್ನು ಅಳೆಯುವ ಮೀಟರು ಹೇಳಬೇಕು.

ಸುರಕ್ಷತೆಯ ಸಾಹೇಬ ಬಂದು ಸೀಟಿನ ಮೇಲೆ ಮೀಟರಿನ ರಬ್ಬರ್ ಬಿಲ್ಲೆಯಿಟ್ಟು ಓದೆಲುವನ್ನು ಅದರ ಮೇಲೆ ಕೂರಿಸಿದ. ಪಕ್ಕದಲ್ಲಿ ತಾನೂ ಕೂತ. ಒಂದು ಸುತ್ತು ಮುಗಿಯಿತು.

"ಎಲ್ಲಾ ಮಿತಿಯೊಳಗೇ ಇದೆಯಲ್ಲಪ್ಪ. ಒಳ್ಳೇ ಸೀಟು," ಎಂದು ಇಳಿದುಹೋದ.

"ಒಳ್ಳೇ ಸೀಟಂತೆ! ಅವನ ಮಾವ ಕೊಟ್ಟ ಮಂಚ ನೋಡು!" ಓದೆಲು ಕ್ಯಾಕರಿಸಿ ಉಗಿದ.

ಆ ಸುತ್ತಿನಲ್ಲಿ ಎದುರಿನಿಂದ ಖಾಲಿ ಡಂಪರ್ ತಂದಿದ್ದ ಜೊತೆ ಡ್ರೈವರ್ ಕೊಮುರಯ್ಯ ಎಲ್ಲ ಕಂಡಿದ್ದ. "ಬಾವಾ, ಮೀಟರಿಗ್ಯಾಕೆ ಬೈತೀಯ? ಗುಂಡಿ ಬಂದಾಗೆಲ್ಲ ನೀನು ಕುಂಡೆ ಎತ್ತಿದ್ಯಲ್ಲ!"

"ನಾನಾ? ಎತ್ತಿದ್ನಾ?"

"ಎತ್ತದೇ ಇರೋ ಡ್ರೈವರ್ ನಮ್ಮಲ್ಲಿ ಯಾರಿದಾನೆ? ಇವತ್ತೊಂದಿನ ಸುಮ್ನೆ ಕೂತ್ಕೋಬಾರ್ದಿತ್ತಾ?"

ಗುಂಡಿ ಕಂಡೊಡನೆ ಕಾಲೂರಿ ಸೀಟಿನಿಂದ ಏಳುವುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ, ಮೈ ತಾನೇ ಕಲಿಯುತ್ತದೆ. ಬಿಲ್ಲೆಯ ಮೇಲೆ ಭಾರವೇ ಬೀಳದಿದ್ದರೆ ಮೀಟರು ಏನು ಹೇಳೀತು? ಓದೆಲುವಿಗೆ ತನ್ನ ಮೈಮೇಲೇ ಹೇಸಿಗೆಯಾಯಿತು.

ಕೈಕಾಲು ಹಿಡಿದು ಇನ್ನೊಮ್ಮೆ ಸಾಹೇಬನನ್ನು ಹತ್ತಿಸಿಕೊಂಡ. ಈ ಸಲ ಯಾರೂ ಕಟ್ಟದ ಬೆಲ್ಟನ್ನು ತೊಡೆಗೆ ಬಿಗಿದುಕೊಂಡ. ಗುಂಡಿ ಬಂದಾಗಲೆಲ್ಲ ಕಾಲು ಏಳಲು ಒದ್ದಾಡಿತು. ಅವನು ಹಲ್ಲು ಕಚ್ಚಿ ಕೂತ. ಏಟು ನೆತ್ತಿಗೆ ಹತ್ತಿತು. ರಿವರ್ಸ್ ತೆಗೆಯಲು ಮೈ ತಿರುಚಿ ಹಿಂದೆ ನೋಡುತ್ತಿದ್ದಾಗ ಚಕ್ರ ಹಳ್ಳಕ್ಕಿಳಿಯಿತು. ಸೊಂಟದಲ್ಲಿ ಏನೋ ಚಳಕ್ಕೆಂದಿತು.

"ಭೇಷ್! ಮಿತಿ ಮೀರಿದೆ ನೋಡು. ಈಗ ನಿನ್ನ ಕೆಲಸ ಆಯ್ತು," ಸಾಹೇಬ ಮೀಟರಿನಿಂದ ಕಣ್ಣೆತ್ತದೆ ಹೇಳಿದ. ಓದೆಲುವನ್ನು ಜನ ಎತ್ತಿ ಡಂಪರಿನ ಏಣಿಯಿಂದ ಇಳಿಸಬೇಕಾಯಿತು.

ಕೆಲವು ದಿನಗಳಲ್ಲೇ ಹಗುರ ಕೆಲಸ ಮಂಜೂರಾಯಿತು. ಕೊಮುರಯ್ಯ ಮನೆಗೇ ಬಂದು ಹೇಳಿದ: "ಗೇಟಿನ ಹತ್ರ ಲಾರಿ ನೋಡ್ಕೊಳ್ಳೋದು ಬಾವಾ. ಪಾಳಿ ಪೂರ್ತಿ ಕುರ್ಚೀಲಿ ಕೂತಿದ್ರಾಯ್ತು."

ಓದೆಲುವಿನ ಹೆಂಡತಿ ಲಚ್ಚವ್ವ ಗಂಡನ ತಲೆಯೆತ್ತಿ ಗಂಜಿ ಕುಡಿಸುತ್ತಿದ್ದಳು. ಚಾಪೆಯ ಮೇಲೆ ಅಂಗಾತ ಬಿದ್ದಿದ್ದ ಓದೆಲು ಗೋಡೆಗೆ ಮುಖ ತಿರುಗಿಸಿದ.

"ಥೂ! ಕೂರೋಕಾಗಿದ್ರೆ ಡಂಪರಲ್ಲೇ ಕೂರ್ತಿರ್ಲಿಲ್ವೇನೋ ನಾನು?"