ಆಯಿ ಹೂಂಗುಟ್ಟದ ಪುಸ್ತಕ

ನಮ್ಮ ದೊಡ್ಡಪ್ಪ ಅಂದಿದ್ದ: "ಬಲಿ ಹೆಣಿಯೋರ ಮನ್ಯಾಗ ಡಿಗ್ರಿ ಅಂತ! ಹೊಳಿ ತಿರುಗಿ ಮ್ಯಾಲಕ್ಕ ಹರದ್ರ ಆದೀತು ನೋಡು." ನಮ್ಮೂರು ತಿಂಥಣಿಯಲ್ಲಿ ಕೃಷ್ಣೆ ಈಗಲೂ ಕೆಳಕ್ಕೇ ಹರಿಯುತ್ತಾಳೆ. ನಿನ್ನೆ ಸುರಪುರದ ಕಾಲೇಜಿನಲ್ಲಿ ಸಹಿ ಹಾಕಿ ನನ್ನ ಪದವಿ ಪ್ರಮಾಣಪತ್ರ ತೆಗೆದುಕೊಂಡೆ. ವರಾಂಡದಲ್ಲಿ ನಿಂತು ಅದನ್ನು ಮೂಸಿಯೂ ನೋಡಿದೆ. ನಗಬೇಡಿ, ಹತ್ತಿರ ಯಾರೂ ಇರಲಿಲ್ಲ. ಹೊಸ ಕಾಗದದ ವಾಸನೆ. ಅದಕ್ಕೆ ನೆನಪಾದದ್ದು ಒಂದು ಮಕ್ಕಳ ಪುಸ್ತಕ. ನನ್ನ ಓದನ್ನೇ ನಿಲ್ಲಿಸಲು ಹೊರಟಿದ್ದ ಪುಸ್ತಕ.

ಆರು ಪುಸ್ತಕಗಳ ಮಾಯಾಲೋಕದ ಕತೆಯಲ್ಲಿ ಕೊನೆಯದು ಅದು. ನದಿಗಳನ್ನೆಲ್ಲ ಕದ್ದು ಗಡಿಗೆಗಳಲ್ಲಿ ಮುಚ್ಚಿಟ್ಟ ಮಾಂತ್ರಿಕನ ಬೆನ್ನು ಹತ್ತುವ ಅಂಬಿಗನ ಮಗಳು. ನೀರಿನ ಜೊತೆ ಮಾತಾಡಬಲ್ಲವಳು. ಶಾಲೆಯ ಕಪಾಟಿನಲ್ಲಿ ಐದೇ ಇದ್ದವು. ಅವನ್ನು ಆಯಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆಯಿ ಅಂದರೆ ಅಪ್ಪನ ತಾಯಿ, ಅಕ್ಷರ ಬಾರದವಳು. ಹರಿದ ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತರೆ ಒಂದೊಂದು ಗಂಟಿಗೆ ಒಂದೊಂದು "ಹೂಂ". ನಮ್ಮಲ್ಲಿ ಕೇಳುವವರು ಹೂಂ ಅನ್ನದೆ ಕತೆ ಮುಂದೆ ಹೋಗುವಂತಿಲ್ಲ. ಬೇಸರಕ್ಕೆ ನಾನು ಸಾಲು ಹಾರಿಸಿದರೆ ಸಾಕು, ಹೂಂ ನಿಲ್ಲುತ್ತಿತ್ತು.

"ಆರನೇದ್ರಾಗ ಅಕಿ ಗೆಲ್ತಾಳೇನವ್ವಾ?"

"ಗೆಲ್ಲದ ಏನು, ಆಯಿ? ನಮ್ಮಂಗ ಅಂಬಿಗರಾಕಿ ಅದಾಳ."

ಆರನೆಯದು ಸಿಕ್ಕಿದ್ದು ವರ್ಷಗಳ ಮೇಲೆ, ಯಾದಗಿರಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ. ಆಗ ನಾನು ಬಿ.ಎ. ಮೊದಲ ವರ್ಷದ ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಮತ್ತೆ ಪರೀಕ್ಷೆಗೆ ಕಟ್ಟಲೋ, ಬಿಡಲೋ ಎಂಬ ಹೊಯ್ದಾಟ. ದೊಡ್ಡಪ್ಪ ಆಗಲೇ ಗಂಡು ನೋಡತೊಡಗಿದ್ದ. ಆ ಹುಡುಗಿ ಗೆದ್ದರೆ ನಾನೂ ಕಟ್ಟುವುದು ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಕಾಲೇಜು ಮೆಟ್ಟಿಲು ಹತ್ತಿದವಳ ಬುದ್ಧಿ ಇಷ್ಟಿತ್ತು.

ಆಯಿಯ ಎದುರು ಕೂತೇ ಮೊದಲ ಸಲ ಓದಿದೆ. ಹುಡುಗಿ ಗೆದ್ದಳು. ಆದರೆ ಕೊನೆಯ ಪುಟಗಳಲ್ಲಿ ಆಕೆ ಅಂಬಿಗನ ಮಗಳೇ ಅಲ್ಲ ಎಂದಾಯಿತು. ಕಳೆದುಹೋಗಿದ್ದ ರಾಜಕುಮಾರಿ ಅಂತೆ. ಮೈಯಲ್ಲಿ ರಾಜರ ರಕ್ತ ಇದ್ದದ್ದಕ್ಕೇ ನೀರು ಆಕೆಯ ಮಾತು ಕೇಳಿತಂತೆ. ಓದುತ್ತಲೇ ಕೊನೆಯನ್ನು ಬದಲಿಸಿ ಹೇಳಬಹುದಿತ್ತು. ಆ ಜಾಣತನ ನನಗೆ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದೆ.

ಹೂಂ ಬರಲಿಲ್ಲ. ಆಯಿಯ ಕೈ ನಿಂತಿತ್ತು.

"ಹಂಗಾರ ಅಕಿ ನಮ್ಮಾಕಿ ಅಲ್ಲೇನು? ಐದು ಪುಸ್ತಕ ಆ ಅಂಬಿಗನ್ನ ಅಪ್ಪಾ ಅಪ್ಪಾ ಅಂದಾಳಲ್ಲ!"

"ಬರದವ್ರು ಹಂಗ ಬರದಾರ, ಆಯಿ."

"ಬರದವ್ರು ಹೊಳ್ಯಾಗ ಕಾಲಿಟ್ಟಿಲ್ಲ ಬಿಡು. ಮುಚ್ಚು ಅದನ್ನ."

ಆಮೇಲೆ ಆಯಿ ಎಂದೂ ಕತೆ ಕೇಳಲಿಲ್ಲ. ವಾರಗಟ್ಟಲೆ ನಾನು ಪಠ್ಯಪುಸ್ತಕ ತೆರೆಯಲಿಲ್ಲ. ನಮ್ಮಂಥವರಿಗೆ ಕತೆಯಲ್ಲೇ ಜಾಗ ಇಲ್ಲವೆಂದ ಮೇಲೆ ಇನ್ನೆಲ್ಲಿ ಇದ್ದೀತು? ಕಡೆಗೆ ಪರೀಕ್ಷೆಗೆ ಕಟ್ಟಿದೆ. ಅದು ಧೈರ್ಯವಲ್ಲ, ಬರೇ ಸಿಟ್ಟು. ಪಾಸಾಗಿ ಕಾಲೇಜು ಮುಂದುವರಿಸಿದೆ. ದಿನಾ ಬೆಳಿಗ್ಗೆ ಅಪ್ಪ ಬಸ್ಸಿನವರೆಗೆ ಸೈಕಲ್ಲಿನಲ್ಲಿ ಬಿಡುತ್ತಿದ್ದ. ಅವನ ಅಂಗಿಯ ಮೀನಿನ ವಾಸನೆಗೆ ನಾಚಿ ದೂರದಲ್ಲೇ ಇಳಿಯುತ್ತಿದ್ದೆ. ಇದನ್ನು ನಿಮಗಲ್ಲದೆ ಯಾರಿಗೂ ಹೇಳಿಲ್ಲ. ಕೊನೆಯ ವರ್ಷ ಅಪ್ಪ ಜ್ವರದಲ್ಲಿ ತೀರಿಕೊಂಡ. ಆಯಿ ಬಲೆ ಕೆಳಗಿಟ್ಟಳು. ಬರಬರುತ್ತಾ ದೃಷ್ಟಿಯೂ ಹೋಯಿತು.

ನಿನ್ನೆ ಪ್ರಮಾಣಪತ್ರವನ್ನು ಆಕೆಯ ಕೈಗೆ ಕೊಟ್ಟೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಆಯಿ ಬಲೆಯ ಹರಕು ಹುಡುಕುವಂತೆ ಕಾಗದದ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಓದು."

ನನ್ನ ಹೆಸರು ಓದಿದೆ.

"ಯಾರ ಮಗಳು ಅಂತ ಬರದಾರ?"

ಅಪ್ಪನ ಹೆಸರು ಓದಿದೆ.

"ಇನ್ನೊಮ್ಮಿ ಓದು."

ಓದಿದೆ.

"ಹೂಂ," ಅಂದಳು ಆಯಿ.